ನಾಲ್ಕು ವರ್ಷದ ಗಡುವು, ಎಂಟು ಹಾಡು

ಧಾರವಾಡದ ಸಪ್ತಾಪುರದಲ್ಲಿ ನಾವು ಮೂವರು ಒಂದೇ ರೂಮಿನಲ್ಲಿದ್ದೇವೆ. ಮೂವರದೂ ಡಿಗ್ರಿ ಮುಗಿದಿದೆ. ಮೂವರೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇವೆ. ಮೂವರ ಮನೆಯಿಂದಲೂ ತಿಂಗಳ ಮೊದಲ ವಾರ ಒಂದು ಫೋನ್ ಬರುತ್ತದೆ. ದುಡ್ಡು ಹಾಕಿದ್ದೇನೆ ಎಂಬ ಮಾತಿನ ನಂತರ ಒಂದು ಸಣ್ಣ ಮೌನ ಇರುತ್ತದೆ. ಆ ಮೌನ ಏನೆಂದು ಇಲ್ಲಿ ಓದುತ್ತಿರುವ ಬಹಳಷ್ಟು ಜನರಿಗೆ ನಾನು ವಿವರಿಸಬೇಕಿಲ್ಲ.

ನನ್ನ ಅಪ್ಪ ಟೈಲರ್. ಡಿಗ್ರಿ ಮುಗಿದ ವರ್ಷ ನನ್ನನ್ನು ಅಂಗಡಿಗೆ ಕರೆದು, ಒಂದು ಕಾಲರ್‌ಗೆ ಇಸ್ತ್ರಿ ಹಾಕುತ್ತಲೇ, ಮೂರು ವರ್ಷ ರೂಮ್ ಬಾಡಿಗೆ, ಮೆಸ್ ಬಿಲ್ಲು ನಾನು ನೋಡಿಕೊಳ್ಳುತ್ತೇನೆ, ಅಷ್ಟರಲ್ಲಿ ಏನಾದರೂ ಆಗಬೇಕು, ಇಲ್ಲದಿದ್ದರೆ ಸಿಕ್ಕ ಕೆಲಸಕ್ಕೆ ಹೋಗಬೇಕು ಎಂದಿದ್ದರು. ಸಿಟ್ಟಿನಿಂದ ಹೇಳಿದ್ದಲ್ಲ. ಬಟ್ಟೆಯ ಅಳತೆ ಹೇಳುವ ಹಾಗೆ ಹೇಳಿದರು. ಅದರಲ್ಲಿ ಎರಡು ವರ್ಷ ಎರಡು ತಿಂಗಳು ಕಳೆದಿದೆ. ನಾನು ಬರೆದ ಒಂದು ಪರೀಕ್ಷೆ ಎರಡು ಸಲ ಮುಂದಕ್ಕೆ ಹೋಯಿತು, ಇನ್ನೊಂದರಲ್ಲಿ ಸ್ವಲ್ಪದರಲ್ಲೇ ತಪ್ಪಿತು. ಇದನ್ನು ಮೊದಲೇ ಹೇಳುತ್ತಿರುವುದು ಯಾಕೆಂದರೆ, ನಾನು ಈಗ ಬರೆಯಹೊರಟಿರುವ ಮನುಷ್ಯನ ಕಥೆ ನನ್ನ ತಲೆಗೆ ಹತ್ತಿದ್ದೇ ಒಂದು ಗಡುವಿನ ಕಾರಣಕ್ಕೆ. ಅವನ ಹೆಸರು ಕ್ಲಿಫ್ ಬರ್ಟನ್. ಮೆಟಾಲಿಕಾ ಎಂಬ ಬ್ಯಾಂಡಿನಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ. 1986ರಲ್ಲಿ, ತನ್ನ 24ನೇ ವಯಸ್ಸಿನಲ್ಲಿ ತೀರಿಕೊಂಡ. ಏಕವಚನಕ್ಕೆ ಕ್ಷಮೆ ಇರಲಿ. ನನಗೀಗ 25. ನನಗಿಂತ ಚಿಕ್ಕವನಾಗಿಯೇ ಉಳಿದುಹೋದವನನ್ನು ಬಹುವಚನದಲ್ಲಿ ಕರೆಯಲು ಪೆನ್ನು ಏಳುತ್ತಿಲ್ಲ.

ನನ್ನ ರೂಮ್‌ಮೇಟ್ ಹಾಸನ ಕಡೆಯವನು, ಎಂಜಿನಿಯರಿಂಗ್ ಓದಿದವನು. ಅವನ ಕಿವಿಯಲ್ಲಿ ಸದಾ ಹೆಡ್‌ಫೋನ್. ಅದರಿಂದ ಸೋರಿ ಬರುತ್ತಿದ್ದ ಸದ್ದು ನನಗೆ ಹಿಟ್ಟಿನ ಗಿರಣಿಯ ಸದ್ದಿನಂತೆ ಕೇಳುತ್ತಿತ್ತು. 2022ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯ ನಾಲ್ಕನೇ ಸೀಸನ್ ಬಂದಾಗ ಎಡ್ಡಿ ಎಂಬ ಹುಡುಗ ಒಂದು ಟ್ರೇಲರ್ ಮನೆಯ ಛಾವಣಿ ಏರಿ ಗಿಟಾರ್ ಬಾರಿಸುವ ದೃಶ್ಯ ನಮ್ಮಲ್ಲೂ ಎಲ್ಲರ ಮೊಬೈಲ್‌ನಲ್ಲಿ ಓಡಾಡಿತು. ಆ ಹಾಡು ‘ಮಾಸ್ಟರ್ ಆಫ್ ಪಪೆಟ್ಸ್’. 36 ವರ್ಷ ಹಳೆಯ ಹಾಡು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಗೆ ಮೊದಲ ಬಾರಿ ಸೇರಿದ್ದು ಆಗಲೇ. ಹಾಡು ಬಿಡುಗಡೆಯಾದಾಗ ನನ್ನ ಅಪ್ಪ ಹೊಲಿಗೆ ಕಲಿಯುತ್ತಿದ್ದರು. ಅದು ನನ್ನನ್ನು ಮುಟ್ಟಲು ಇಷ್ಟು ವರ್ಷ ಬೇಕಾಯಿತು.

ಆದರೆ ನಾನು ಸಿಕ್ಕಿಬಿದ್ದದ್ದು ಆ ಹಾಡಿಗಲ್ಲ. ಅದೇ ಹೆಸರಿನ ಆಲ್ಬಂನಲ್ಲಿ ಎಂಟು ಹಾಡುಗಳಿವೆ. ಏಳನೆಯದರಲ್ಲಿ ಮಾತೇ ಇಲ್ಲ, ಬರೀ ವಾದ್ಯ. ಹೆಸರು ‘ಒರಾಯನ್’. ಕರೆಂಟ್ ಹೋದ ಒಂದು ರಾತ್ರಿ ರೂಮ್‌ಮೇಟ್ ಅದನ್ನು ಫೋನ್ ಸ್ಪೀಕರ್‌ನಲ್ಲೇ ಹಾಕಿದ. ದೂರದಿಂದ ಏನೋ ಬರುತ್ತಿರುವ ಹಾಗೆ ಶುರುವಾಗುತ್ತದೆ, ವಯೊಲಿನ್ ಮೇಳದಂತೆ. ವಯೊಲಿನ್ ಅಲ್ಲ, ಬಾಸ್ ಗಿಟಾರ್ ಅಂತ ಅವನು ಹೇಳಿದಾಗ ನಾನು ನಂಬಲಿಲ್ಲ. ನುಡಿಸಿದವನು ಯಾರು ಎಂದು ಕೇಳಿದೆ. ಅಲ್ಲಿಂದ ಶುರುವಾಯಿತು ನನ್ನ ಹುಡುಕಾಟ. ಪ್ರಚಲಿತ ವಿದ್ಯಮಾನ ಓದಬೇಕಾದ ಎಷ್ಟೋ ರಾತ್ರಿಗಳನ್ನು ಇದಕ್ಕೆ ಕೊಟ್ಟಿದ್ದೇನೆ. ಅಪ್ಪ ಈ ಪುಟ ಓದುವುದಿಲ್ಲ ಎಂಬ ಧೈರ್ಯ.

ಕ್ಲಿಫರ್ಡ್ ಲೀ ಬರ್ಟನ್ ಹುಟ್ಟಿದ್ದು 1962ರ ಫೆಬ್ರುವರಿ 10ರಂದು, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕ್ಯಾಸ್ಟ್ರೊ ವ್ಯಾಲಿಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯ ಕಡೆ ಇರುವ ಊರು. ತಂದೆ ರೇ, ತಾಯಿ ಜಾನ್, ಒಬ್ಬ ಅಣ್ಣ ಸ್ಕಾಟ್, ಒಬ್ಬ ಅಕ್ಕ ಕಾನಿ. ಮನೆಯಲ್ಲಿ ತಂದೆಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಹುಚ್ಚು. ಹುಡುಗ ಚಿಕ್ಕಂದಿನಲ್ಲೇ ಪಿಯಾನೊ ಪಾಠಕ್ಕೆ ಕೂತ. ಓದುವ ಚಟವೂ ಇತ್ತು. ಊರಿನ ಬೇರೆ ಮಕ್ಕಳು ಹೊರಗೆ ಆಡುವಾಗ ಇವನು ಪುಸ್ತಕ ಹಿಡಿದು ಕೂರುತ್ತಿದ್ದ ಎಂದು ತಾಯಿ ಮುಂದೆ ನೆನಪಿಸಿಕೊಂಡಿದ್ದಾರೆ.

1975ರಲ್ಲಿ ಅಣ್ಣ ಸ್ಕಾಟ್ ಸತ್ತ. ಮೆದುಳಿನ ರಕ್ತನಾಳ ಒಡೆದು, 16ನೇ ವಯಸ್ಸಿನಲ್ಲಿ. ಆಗ ಕ್ಲಿಫ್‌ಗೆ 13. ಅದಾದ ಮೇಲೆ ಅವನು ಬಾಸ್ ಗಿಟಾರ್ ಎತ್ತಿಕೊಂಡ. ಅಣ್ಣನಿಗಾಗಿ ತಾನು ಅತ್ಯುತ್ತಮ ಬಾಸ್ ವಾದಕನಾಗುತ್ತೇನೆ ಎಂದು ಮನೆಯಲ್ಲಿ ಹೇಳಿದ್ದನಂತೆ. ಮಗನಲ್ಲಿ ಅಂಥ ವಿಶೇಷ ಪ್ರತಿಭೆ ಇದೆ ಎಂದು ತಾಯಿಗೇ ಆಗ ಅನ್ನಿಸಿರಲಿಲ್ಲ. ಇದನ್ನು ಆ ತಾಯಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಪ್ರಸಿದ್ಧರ ತಂದೆತಾಯಿ ಸಾಮಾನ್ಯವಾಗಿ ತೊಟ್ಟಿಲಲ್ಲೇ ಎಲ್ಲ ಗೊತ್ತಾಗಿತ್ತು ಎನ್ನುತ್ತಾರಲ್ಲ, ಹಾಗಲ್ಲದ ಈ ಮಾತು ನನಗೆ ಬಹಳ ಹಿಡಿಸಿತು.

ಬಾಸ್ ಎಂದರೇನು ಎಂದು ಗೊತ್ತಿಲ್ಲದವರಿಗೆ: ನಾಲ್ಕು ದಪ್ಪ ತಂತಿಯ ಗಿಟಾರ್. ರಾಕ್ ಬ್ಯಾಂಡಿನಲ್ಲಿ ಅದರ ಕೆಲಸ ಡ್ರಮ್ ಪಕ್ಕದಲ್ಲಿ ನಿಂತು ತಳ ಹಿಡಿದುಕೊಳ್ಳುವುದು. ನಮ್ಮೂರ ಭಜನಾ ಮೇಳದಲ್ಲಿ ಶ್ರುತಿಪೆಟ್ಟಿಗೆ ಇದ್ದಾಗ ಯಾರೂ ಗಮನಿಸುವುದಿಲ್ಲ. ನಿಂತುಹೋದರೆ ಎಲ್ಲರೂ ತಿರುಗಿ ನೋಡುತ್ತಾರೆ. ಹೆಚ್ಚುಕಡಿಮೆ ಹಾಗೆಯೇ. ಹೆಸರು ಬೇಕಾದವರು ಗಿಟಾರ್ ಹಿಡಿಯುತ್ತಾರೆ, ಇಲ್ಲವೇ ಹಾಡುತ್ತಾರೆ. ಈ ಹುಡುಗ ಬಾಸ್ ಹಿಡಿದು ದಿನಕ್ಕೆ ನಾಲ್ಕರಿಂದ ಆರು ಗಂಟೆ ಅಭ್ಯಾಸಕ್ಕೆ ಕೂತ. ಮೆಟಾಲಿಕಾ ಸೇರಿದ ಮೇಲೂ ಅದನ್ನು ಬಿಡಲಿಲ್ಲ. ಬಾಕ್‌ನ ರಚನೆಗಳನ್ನು ಬಾಸ್ ಮೇಲೆ ಕಲಿತ. ರಶ್ ಬ್ಯಾಂಡಿನ ಗೆಡ್ಡಿ ಲೀ, ಬ್ಲ್ಯಾಕ್ ಸಬ್ಬತ್‌ನ ಗೀಜರ್ ಬಟ್ಲರ್, ಜಾಝ್ ಲೋಕದ ಸ್ಟ್ಯಾನ್ಲಿ ಕ್ಲಾರ್ಕ್, ಮೋಟರ್‌ಹೆಡ್‌ನ ಲೆಮ್ಮಿ ಇವರೆಲ್ಲ ಅವನ ಗುರುಗಳು. ಕಡ್ಡಿ ಬಳಸದೆ ಬೆರಳಲ್ಲೇ ನುಡಿಸುತ್ತಿದ್ದ.

ಹೈಸ್ಕೂಲಿನಲ್ಲಿ ಇಝೀ ಸ್ಟ್ರೀಟ್ ಎಂಬ ಹುಡುಗರ ಬ್ಯಾಂಡ್. ಜೊತೆಗಿದ್ದವರು ಜಿಮ್ ಮಾರ್ಟಿನ್ ಮತ್ತು ಮೈಕ್ ಬೋರ್ಡಿನ್. ಇಬ್ಬರೂ ಮುಂದೆ ಫೇತ್ ನೋ ಮೋರ್ ಬ್ಯಾಂಡಿನಲ್ಲಿ ಹೆಸರು ಮಾಡಿದರು. ಆಮೇಲೆ ಹೇವರ್ಡ್ ಊರಿನ ಚಾಬೊ ಕಾಲೇಜು, ಅಲ್ಲಿ ಇನ್ನೊಂದು ಬ್ಯಾಂಡ್.

ಗಡುವಿನ ಮಾತು ಬರುವುದು ಇಲ್ಲಿ. ಸಂಗೀತವನ್ನೇ ಜೀವನ ಮಾಡಿಕೊಳ್ಳುತ್ತೇನೆ ಎಂದು ಮಗ ಹೇಳಿದಾಗ ಆ ಮನೆಯಲ್ಲಿ ಕೂಗಾಟ ಆಗಲಿಲ್ಲ. ಆಶೀರ್ವಾದದ ಭಾಷಣವೂ ಆಗಲಿಲ್ಲ. ನಾಲ್ಕು ವರ್ಷ ನಿನ್ನ ಬಾಡಿಗೆ ಮತ್ತು ಊಟದ ಖರ್ಚು ನಾವು ನೋಡಿಕೊಳ್ಳುತ್ತೇವೆ, ಅಷ್ಟರಲ್ಲಿ ನಿಧಾನವಾಗಿಯಾದರೂ ಮುಂದೆ ಹೋಗುತ್ತಿದ್ದೀಯ ಎಂದು ಕಾಣಬೇಕು, ಇದರಿಂದ ಹೊಟ್ಟೆ ತುಂಬುವುದಿಲ್ಲ ಎಂದು ಖಚಿತವಾದರೆ ಬೇರೆ ಕೆಲಸ ಹುಡುಕಿಕೊಳ್ಳಬೇಕು ಎಂದರು. ಮಗ ಒಪ್ಪಿಕೊಂಡ. ಜಾನ್ ಬರ್ಟನ್ ಈ ಕರಾರನ್ನು ಮಗ ಸತ್ತ ಮೇಲೆ ಒಂದು ಸಂದರ್ಶನದಲ್ಲಿ ಹೇಳಿದ್ದರು. ಅದನ್ನು ಓದಿದ ರಾತ್ರಿ ನಾನು ಎದ್ದು ರೂಮಿನಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಕ್ಯಾಲಿಫೋರ್ನಿಯಾದ ಒಂದು ಮನೆಗೂ ನಮ್ಮ ಟೈಲರ್ ಅಂಗಡಿಗೂ ಏನೂ ಸಂಬಂಧವಿಲ್ಲ. ಆದರೆ ಮಾತು ಅದೇ. ಬಾಡಿಗೆ, ಊಟ, ಇಂತಿಷ್ಟು ವರ್ಷ.

1982ರಲ್ಲಿ ಕ್ಲಿಫ್ ಟ್ರಾಮಾ ಎಂಬ ಬ್ಯಾಂಡಿನಲ್ಲಿದ್ದ. ಆ ಬ್ಯಾಂಡ್ ಲಾಸ್ ಏಂಜಲೀಸ್‌ನ ವಿಸ್ಕಿ ಎ ಗೋ ಗೋ ಎಂಬ ಕ್ಲಬ್ಬಿಗೆ ಕಛೇರಿ ಕೊಡಲು ಬಂತು. ನೋಡಲು ಬಂದವರಲ್ಲಿ ಜೇಮ್ಸ್ ಹೆಟ್‌ಫೀಲ್ಡ್ ಮತ್ತು ಲಾರ್ಸ್ ಉಲ್ರಿಕ್ ಇದ್ದರು. ಹಿಂದಿನ ವರ್ಷವಷ್ಟೇ ಮೆಟಾಲಿಕಾ ಕಟ್ಟಿದ್ದ ಹುಡುಗರು. ಅಬ್ಬರದ ಒಂದು ಸೋಲೊ ಕೇಳಿಸಿತು. ಗಿಟಾರ್ ನುಡಿಸುತ್ತಿರುವವನು ಯಾರು ಎಂದು ವೇದಿಕೆಯ ತುಂಬ ಹುಡುಕಿದರು. ಗಿಟಾರ್ ಅಲ್ಲ, ಬೆಲ್‌ಬಾಟಂ ತೊಟ್ಟ ಕೆಂಗೂದಲ ಹುಡುಗನೊಬ್ಬ ಬಾಸ್‌ಗೆ ವಾವಾ ಪೆಡಲ್ ಹಾಕಿಕೊಂಡು ತಲೆ ಕೊಡವುತ್ತಿದ್ದ. ಅಂದೇ ಇವನು ನಮಗೆ ಬೇಕು ಎಂದು ತೀರ್ಮಾನಿಸಿದರು.

ಅವನು ತಕ್ಷಣ ಒಪ್ಪಲಿಲ್ಲ. ಟ್ರಾಮಾ ಜನಪ್ರಿಯ ಧಾಟಿಯ ಕಡೆ ವಾಲುತ್ತಿದೆ ಎಂಬ ಬೇಸರ ಅವನಿಗೆ ಇತ್ತು, ನಿಜ. ಆದರೂ ಒಂದು ಷರತ್ತು ಹಾಕಿದ. ತಾನು ಲಾಸ್ ಏಂಜಲೀಸ್‌ಗೆ ಬರುವುದಿಲ್ಲ, ಬೇಕಿದ್ದರೆ ಇಡೀ ಬ್ಯಾಂಡ್ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಬರಲಿ. ಸ್ವಲ್ಪ ಯೋಚಿಸಿ ನೋಡಿ. ಕೈಯಲ್ಲಿ ಒಂದು ಆಲ್ಬಂ ಇಲ್ಲ, ಜೇಬಲ್ಲಿ ಕಾಸಿಲ್ಲ, ತಂದೆತಾಯಿ ಕೊಟ್ಟ ಗಡುವು ಓಡುತ್ತಿದೆ. ಇಂಟರ್‌ವ್ಯೂನಲ್ಲಿ ಕೂತವನು ಕಂಪನಿಯನ್ನೇ ತನ್ನ ಊರಿಗೆ ಬರ ಹೇಳಿದ ಹಾಗೆ. ಆದರೆ ಅವರು ಬಂದರು! ಗಂಟುಮೂಟೆ ಕಟ್ಟಿಕೊಂಡು ಕೊಲ್ಲಿಯಾಚೆಯ ಎಲ್ ಸೆರಿಟೊ ಎಂಬಲ್ಲಿ ಒಂದು ಮನೆ ಸೇರಿದರು. 1983ರ ಮಾರ್ಚ್ 5ರಂದು ಸ್ಯಾನ್ ಫ್ರಾನ್ಸಿಸ್ಕೊದ ದಿ ಸ್ಟೋನ್ ಕ್ಲಬ್ಬಿನಲ್ಲಿ ಕ್ಲಿಫ್ ಅವರೊಡನೆ ಮೊದಲ ಸಲ ವೇದಿಕೆ ಏರಿದ. ಆ ಕೊಲ್ಲಿ ಪ್ರದೇಶವೇ ಮುಂದೆ ಥ್ರ್ಯಾಶ್ ಮೆಟಲ್‌ನ ತವರು ಅನ್ನಿಸಿಕೊಂಡಿತು. ಪಂಕ್ ಸಂಗೀತದ ವೇಗ, ಬ್ರಿಟಿಷ್ ಹೆವಿ ಮೆಟಲ್‌ನ ತೂಕ, ಎರಡನ್ನೂ ಒಂದೇ ಬಾಣಲೆಗೆ ಹಾಕಿ ಹುರಿದರೆ ಬರುವುದು ಥ್ರ್ಯಾಶ್. ವಿಮರ್ಶಕರು ಇನ್ನೂ ಚೆನ್ನಾಗಿ ಹೇಳಿಯಾರು, ನನಗೆ ಇಷ್ಟೇ ಬರುವುದು.

ಮುಂದಿನದು ಕಷ್ಟದ ಕಥೆ, ಬೇಗ ಹೇಳಿಬಿಡುತ್ತೇನೆ. ಬಾಡಿಗೆ ಟ್ರಕ್ಕಿನಲ್ಲಿ ಅಮೆರಿಕದ ಆ ತುದಿಯಿಂದ ಈ ತುದಿಗೆ, ನ್ಯೂಯಾರ್ಕಿಗೆ ಹೋದರು. ಅಲ್ಲಿ ಅಭ್ಯಾಸದ ಕೋಣೆಯಲ್ಲೇ ಮಲಗುತ್ತಿದ್ದರು. ಗಿಟಾರ್ ವಾದಕ ಡೇವ್ ಮಸ್ಟೇನ್‌ನನ್ನು ಬ್ಯಾಂಡಿನಿಂದ ತೆಗೆದರು (ಅವನು ಹೋಗಿ ಮೆಗಾಡೆತ್ ಕಟ್ಟಿದ, ಅದೇ ಒಂದು ಬೇರೆ ಲೇಖನ), ಅವನ ಜಾಗಕ್ಕೆ ಕರ್ಕ್ ಹ್ಯಾಮೆಟ್ ಬಂದ. 1983ರ ಜುಲೈನಲ್ಲಿ ಮೊದಲ ಆಲ್ಬಂ ‘ಕಿಲ್ ಎಮ್ ಆಲ್’ ಬಂತು. ಅದರಲ್ಲಿ ಇಡೀ ಒಂದು ಹಾಡಿನ ಜಾಗವನ್ನು ಕ್ಲಿಫ್‌ನ ಬಾಸ್ ಸೋಲೊಗೆ ಬಿಟ್ಟುಕೊಟ್ಟಿದ್ದಾರೆ. ಹೊಸ ಬ್ಯಾಂಡೊಂದು ತನ್ನ ಮೊದಲ ಆಲ್ಬಂನಲ್ಲಿ ಬಾಸ್‌ನವನಿಗೆ ಅಷ್ಟು ಜಾಗ ಕೊಡುವುದು ಆಗಲೂ ಅಪರೂಪ, ಈಗಲೂ ಅಪರೂಪ. ಎರಡನೆಯ ಆಲ್ಬಂ ‘ರೈಡ್ ದಿ ಲೈಟ್ನಿಂಗ್’ 1984ರದ್ದು. ಅದನ್ನು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ, ಸ್ವೀಟ್ ಸೈಲೆನ್ಸ್ ಎಂಬ ಸ್ಟುಡಿಯೊದಲ್ಲಿ ಮುದ್ರಿಸಿದರು. ಹೋಟೆಲ್‌ಗೆ ದುಡ್ಡಿಲ್ಲದೆ ರಾತ್ರಿ ನುಡಿಸಿ ಹಗಲು ಅಲ್ಲೇ ಮಲಗುತ್ತಿದ್ದರು. ಆ ಆಲ್ಬಂನ ಎಂಟರಲ್ಲಿ ಆರು ಹಾಡುಗಳ ರಚನೆಯಲ್ಲಿ ಕ್ಲಿಫ್‌ನ ಹೆಸರಿದೆ. ಹೆಮಿಂಗ್ವೆ ಕಾದಂಬರಿಯ ಹೆಸರು ಹೊತ್ತ ‘ಫಾರ್ ಹೂಮ್ ದ ಬೆಲ್ ಟೋಲ್ಸ್’ ಹಾಡಿನ ಆರಂಭದಲ್ಲಿ ಗಂಟೆಯ ಸದ್ದಿನ ಜೊತೆ ಕೊರೆಯುವ ಸ್ವರ ಬರುತ್ತದಲ್ಲ, ಬಹಳ ಜನ ಅದನ್ನೂ ಗಿಟಾರ್ ಎಂದುಕೊಂಡಿದ್ದಾರೆ. ಅದು ಇವನ ಬಾಸ್.

ನನಗೆ ಕುತೂಹಲ ಹುಟ್ಟಿಸಿದ್ದು ಅವನು ಆ ಗುಂಪಿನಲ್ಲಿ ಏನಾಗಿದ್ದ ಎಂಬುದು. ಹಾಡುಗಾರ ಹೆಟ್‌ಫೀಲ್ಡ್, ಮಾತುಗಾರ ಉಲ್ರಿಕ್. ಕ್ಲಿಫ್ ಅವರಿಬ್ಬರಿಗಿಂತ ಒಂದೆರಡು ವರ್ಷವಷ್ಟೇ ದೊಡ್ಡವನು. ಆದರೆ ಸಂಗೀತಶಾಸ್ತ್ರ ಸರಿಯಾಗಿ ಗೊತ್ತಿದ್ದವನು ಅವನು. ಎರಡು ಗಿಟಾರ್‌ಗಳು ಒಂದೇ ರಾಗವನ್ನು ಬೇರೆ ಬೇರೆ ಸ್ವರಸ್ಥಾನದಲ್ಲಿ ಹಿಡಿದು ಜೊತೆಗೆ ಸಾಗುವುದು ಹೇಗೆ ಎಂಬುದನ್ನು ಉಳಿದವರು ಕಲಿತದ್ದು ಅವನಿಂದ. ಅವನ ಕ್ಯಾಸೆಟ್‌ಗಳಲ್ಲಿ ಬಾಕ್ ಜೊತೆ ಮಿಸ್‌ಫಿಟ್ಸ್ ಎಂಬ ಪಂಕ್ ಬ್ಯಾಂಡ್, ಲಿನರ್ಡ್ ಸ್ಕಿನರ್ಡ್ ಎಂಬ ದಕ್ಷಿಣದ ರಾಕ್ ಬ್ಯಾಂಡ್, ಸೈಮನ್ ಮತ್ತು ಗಾರ್‌ಫಂಕಲ್‌ರ ಮೃದು ಹಾಡುಗಳು ಎಲ್ಲ ಇರುತ್ತಿದ್ದವು. ಹೆದರಿಕೆ ಹುಟ್ಟಿಸುವ ಕಥೆಗಳನ್ನು ಬರೆದ ಎಚ್. ಪಿ. ಲವ್‌ಕ್ರಾಫ್ಟ್‌ನನ್ನು ಅವರಿಗೆ ಓದಿಸಿದವನೂ ಅವನೇ. ಅದರ ನೆರಳು ಎರಡು ಆಲ್ಬಂಗಳ ಮೇಲಿದೆ. ಬೆಲ್‌ಬಾಟಂ ಫ್ಯಾಷನ್ ಸತ್ತು ಎಷ್ಟೋ ವರ್ಷವಾಗಿತ್ತು. ಉಳಿದವರು ಬಿಗಿ ಪ್ಯಾಂಟು ತೊಟ್ಟು ನಿಂತಿದ್ದರೆ ಇವನು ಕೊನೆಯವರೆಗೂ ಅದನ್ನೇ ತೊಟ್ಟ. ಗೆಳೆಯರು ಹಾಸ್ಯ ಮಾಡಿದರೂ ಬದಲಿಸಲಿಲ್ಲ.

1985ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮತ್ತೆ ಕೋಪನ್‌ಹೇಗನ್, ಮತ್ತೆ ಅದೇ ಸ್ಟುಡಿಯೊ, ಅದೇ ಎಂಜಿನಿಯರ್ ಫ್ಲೆಮಿಂಗ್ ರಾಸ್ಮುಸ್ಸೆನ್. ಈ ಸಲ ಅವಸರವಿರಲಿಲ್ಲ. ದೊಡ್ಡ ಕಂಪನಿ ಎಲೆಕ್ಟ್ರಾ ಜೊತೆ ಒಪ್ಪಂದ ಆಗಿತ್ತು. ತಿಂಗಳುಗಟ್ಟಲೆ ಕೂತು ಒಂದೊಂದು ಗಿಟಾರ್ ಪದರವನ್ನೂ ಮತ್ತೆ ಮತ್ತೆ ನುಡಿಸಿ ತಿದ್ದಿದರು. 1986ರ ಮಾರ್ಚ್ 3ರಂದು ‘ಮಾಸ್ಟರ್ ಆಫ್ ಪಪೆಟ್ಸ್’ ಬಿಡುಗಡೆಯಾಯಿತು. ಎಂಟು ಹಾಡು, ಸುಮಾರು 55 ನಿಮಿಷ.

ಹೊದಿಕೆಯ ಚಿತ್ರವನ್ನು ನೀವು ಯಾರದಾದರೂ ಟಿ-ಶರ್ಟಿನ ಮೇಲೆ ನೋಡಿಯೇ ಇರುತ್ತೀರಿ. ಕೆಂಪು ಆಕಾಶ, ಸಾಲು ಸಾಲು ಬಿಳಿ ಶಿಲುಬೆಗಳಿರುವ ಸ್ಮಶಾನ, ಪ್ರತಿ ಶಿಲುಬೆಗೂ ದಾರ, ದಾರದ ತುದಿಯಲ್ಲಿ ಮೇಲಿಂದ ಇಳಿದ ಎರಡು ಕೈ. ಆಲ್ಬಂನ ಬಹುತೇಕ ಹಾಡುಗಳ ವಸ್ತುವೂ ಅದೇ: ಯಾರೋ ಆಡಿಸುತ್ತಾರೆ, ಯಾರೋ ಆಡುತ್ತಾರೆ. ಒಂದು ಹಾಡಿನಲ್ಲಿ ಮುಂಚೂಣಿಗೆ ಅಟ್ಟಲ್ಪಟ್ಟ ಎಳೆಯ ಸೈನಿಕ, ಇನ್ನೊಂದರಲ್ಲಿ ಆಸ್ಪತ್ರೆಯಲ್ಲಿ ಕೂಡಿಹಾಕಿದ ಮಾನಸಿಕ ರೋಗಿ, ಮತ್ತೊಂದರಲ್ಲಿ ಭಕ್ತರ ಹಣ ಸುಲಿಯುವ ಟಿ.ವಿ. ಧರ್ಮಬೋಧಕ. ಶೀರ್ಷಿಕೆ ಗೀತೆ ಮಾದಕ ವಸ್ತುವಿನದ್ದು. ಅಲ್ಲಿ ಮಾತಾಡುತ್ತಿರುವುದು ವ್ಯಸನಿಯಲ್ಲ, ವ್ಯಸನವೇ. ನಿನ್ನ ದಾರ ನನ್ನ ಕೈಯಲ್ಲಿದೆ ಎಂಬ ಧಾಟಿಯಲ್ಲಿ. ನಿಮಿಷಕ್ಕೆ 200ಕ್ಕೂ ಹೆಚ್ಚು ಬಡಿತದ ವೇಗದಲ್ಲಿ ಹಾಡು ಓಡುತ್ತದೆ, ಹೆಟ್‌ಫೀಲ್ಡ್‌ನ ಬಲಗೈ ತಂತಿಯನ್ನು ಮೇಲಿಂದ ಕೆಳಕ್ಕೆ ಮಾತ್ರ ಹೊಡೆಯುತ್ತದೆ. ಗಿಟಾರ್ ಕಲಿಯುವವರು ಈಗಲೂ ಇದನ್ನು ಒಂದು ಪರೀಕ್ಷೆ ಎಂದೇ ತೆಗೆದುಕೊಳ್ಳುತ್ತಾರೆ. ನಾಲ್ಕನೇ ನಿಮಿಷದ ಹತ್ತಿರ ಇದ್ದಕ್ಕಿದ್ದಂತೆ ಎಲ್ಲ ನಿಂತು, ಶಾಂತವಾದ ಒಂದು ರಾಗ ಬರುತ್ತದೆ. ಮಳೆ ನಿಂತ ಮೇಲೆ ಹಂಚಿನಿಂದ ಹನಿ ಬೀಳುವ ಹಾಗೆ. ಆಮೇಲೆ ಮತ್ತೆ ಹೊಡೆತ.

ಕ್ಲಿಫ್‌ನ ಹೆಸರಿರುವುದು ಈ ಆಲ್ಬಂನ ಮೂರು ಹಾಡುಗಳ ರಚನೆಯಲ್ಲಿ: ಶೀರ್ಷಿಕೆ ಗೀತೆ, ‘ಒರಾಯನ್’ ಮತ್ತು ಕೊನೆಯ ‘ಡ್ಯಾಮೇಜ್ ಇಂಕ್’. ಕೊನೆಯದರ ಮೊದಲ ಒಂದು ನಿಮಿಷವನ್ನು ಕಣ್ಣು ಮುಚ್ಚಿ ಕೇಳಿ. ಅಲೆ ಅಲೆಯಾಗಿ ಉಬ್ಬುವ ಆ ನಾದ ಬಾಸ್ ಪದರಗಳದ್ದು. ಅದರ ಹಿಂದೆ ಬಾಕ್‌ನ ಒಂದು ಭಕ್ತಿಗೀತೆಯ ನೆನಪಿದೆ ಎನ್ನುತ್ತಾರೆ. ಅಪ್ಪನ ರೆಕಾರ್ಡುಗಳನ್ನು ಕೇಳಿ ಬೆಳೆದ ಮಗನಿಂದ ಬಂದದ್ದು. ‘ಒರಾಯನ್’ ಬಗ್ಗೆ ನಾನು ಬರೆಯುತ್ತಾ ಹೋದರೆ ಸಂಪಾದಕರು ಕತ್ತರಿ ಹಿಡಿಯುತ್ತಾರೆ. ಒಂದೇ ಮಾತು: ಎಂಟೂವರೆ ನಿಮಿಷದ ಆ ರಚನೆಯ ನಡುವೆ ಗಿಟಾರ್‌ಗಳು ಹಿಂದೆ ಸರಿದು ಬಾಸ್ ಒಂದೇ ಒಂದು ಸಾಲನ್ನು ನಿಧಾನಕ್ಕೆ, ನಡೆಯುತ್ತಿರುವ ಹಾಗೆ ನುಡಿಸುತ್ತದೆ. ಅದು ಅವನು ಬರೆದ ಭಾಗ. ರಾತ್ರಿ ಹನ್ನೊಂದಕ್ಕೆ ಲೈಬ್ರರಿಯಿಂದ ರೂಮಿಗೆ ನಡೆಯುವಾಗ ನನ್ನ ಹೆಜ್ಜೆ ಎಷ್ಟೋ ಸಲ ಅದಕ್ಕೆ ಹೊಂದಿಕೊಂಡಿದೆ.

ರೇಡಿಯೊದವರು ಈ ಆಲ್ಬಂ ಹಾಕಲಿಲ್ಲ. ಟಿ.ವಿ.ಗಾಗಿ ಬ್ಯಾಂಡ್ ಒಂದು ವಿಡಿಯೊ ಕೂಡ ಮಾಡಲಿಲ್ಲ. ಬದಲಿಗೆ ಓಝಿ ಓಸ್ಬರ್ನ್‌ನ ಪ್ರವಾಸದಲ್ಲಿ ಮೊದಲು ನುಡಿಸುವ ಬ್ಯಾಂಡಾಗಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಅಮೆರಿಕ ಸುತ್ತಿತು. ಬಾಯಿಂದ ಬಾಯಿಗೆ, ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಹೆಸರು ಹಬ್ಬಿ ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯಲ್ಲಿ 29ನೇ ಸ್ಥಾನಕ್ಕೆ ಏರಿತು. ಆ ನಾಲ್ಕು ವರ್ಷದ ಕರಾರಿನ ಮಟ್ಟಿಗೆ ಹೇಳುವುದಾದರೆ, ಲೆಕ್ಕ ಚುಕ್ತಾ ಆಗಿತ್ತು.

ಅದೇ ಸೆಪ್ಟೆಂಬರ್ 26ರಂದು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಕಛೇರಿ ಮುಗಿಸಿ, ರಾತ್ರಿ ಬಸ್ಸಿನಲ್ಲಿ ಕೋಪನ್‌ಹೇಗನ್ ಕಡೆಗೆ ಹೊರಟರು. ಮಲಗುವ ಜಾಗಕ್ಕಾಗಿ ಕ್ಲಿಫ್ ಮತ್ತು ಕರ್ಕ್ ಹ್ಯಾಮೆಟ್ ಇಸ್ಪೀಟ್ ಎಲೆ ಎತ್ತಿದರು. ಕ್ಲಿಫ್‌ಗೆ ಇಸ್ಪೀಟ್ ಎಕ್ಕ ಬಂತು. ಗೆದ್ದವನು ಹ್ಯಾಮೆಟ್‌ನ ಬರ್ತನ್ನು ಆರಿಸಿಕೊಂಡ. ಹ್ಯಾಮೆಟ್ ಬೇರೆಡೆ ಹೋಗಿ ಮಲಗಿದ. 27ರ ಬೆಳಗಿನ ಜಾವ ಡೋರಾರ್ಪ್ ಎಂಬ ಹಳ್ಳಿಯ ಬಳಿ ಬಸ್ಸು ಜಾರಿ ರಸ್ತೆ ಬಿಟ್ಟು ಮಗುಚಿತು. ಕ್ಲಿಫ್ ಕಿಟಕಿಯಿಂದ ಹೊರಗೆ ಎಸೆಯಲ್ಪಟ್ಟ, ಬಸ್ಸು ಅವನ ಮೇಲೆ ಬಿತ್ತು. ಉಳಿದವರೆಲ್ಲ ಬದುಕಿದರು. ರಸ್ತೆಯ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆ ಇತ್ತು ಎಂದು ಚಾಲಕ ಹೇಳಿದ. ಒಳಉಡುಪು, ಕಾಲುಚೀಲದಲ್ಲೇ ಹೆಟ್‌ಫೀಲ್ಡ್ ಆ ಚಳಿಯಲ್ಲಿ ಮಂಜುಗಡ್ಡೆ ಎಲ್ಲಿದೆ ಎಂದು ರಸ್ತೆಯುದ್ದಕ್ಕೂ ಹುಡುಕುತ್ತಾ ನಡೆದನಂತೆ. ಅವನಿಗೆ ಕಾಣಲಿಲ್ಲ. ತನಿಖೆಯಲ್ಲಿ ಚಾಲಕನ ಮೇಲೆ ಯಾವ ಆರೋಪವೂ ನಿಲ್ಲಲಿಲ್ಲ.

ಅಂತ್ಯಕ್ರಿಯೆಯಲ್ಲಿ ‘ಒರಾಯನ್’ ಹಾಕಿದರು. ಐದಾರು ವಾರಗಳ ನಂತರ, ನವೆಂಬರ್ 4ರಂದು, ಆಲ್ಬಂಗೆ ಗೋಲ್ಡ್ ಪ್ರಮಾಣಪತ್ರ ಬಂತು. ಐದು ಲಕ್ಷ ಪ್ರತಿ. ಮೆಟಾಲಿಕಾಗೆ ಅದು ಮೊದಲನೆಯದು. ನಾನು ಈ ಎರಡು ತಾರೀಕುಗಳನ್ನು ನೋಟ್ ಪುಸ್ತಕದಲ್ಲಿ ಅಕ್ಕಪಕ್ಕ ಬರೆದುಕೊಂಡೆ. ಏಕೆ ಎಂದು ಗೊತ್ತಿಲ್ಲ, ಯಾವ ಪ್ರಶ್ನೆಪತ್ರಿಕೆಯಲ್ಲೂ ಇದು ಬರುವುದಿಲ್ಲ.

ಬ್ಯಾಂಡ್ ನಿಲ್ಲಲಿಲ್ಲ. ಜೇಸನ್ ನ್ಯೂಸ್ಟೆಡ್ ಎಂಬವನನ್ನು ಆರಿಸಿ ನವೆಂಬರ್‌ನಲ್ಲೇ ಮತ್ತೆ ವೇದಿಕೆ ಏರಿತು. ಆದರೆ 1988ರ ಮುಂದಿನ ಆಲ್ಬಂನಲ್ಲಿ ಅವನ ಬಾಸ್ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ, ಮಿಕ್ಸಿಂಗ್‌ನಲ್ಲಿ ಅಷ್ಟು ತಗ್ಗಿಸಿಬಿಟ್ಟಿದ್ದಾರೆ. ದುಃಖವನ್ನು ಹೇಗೆ ನಿಭಾಯಿಸಬೇಕೆಂದು ತಿಳಿಯದ ಇಪ್ಪತ್ತರ ಹುಡುಗರು ಅದನ್ನು ಹೊಸಬನ ಮೇಲೆ ತೀರಿಸಿಕೊಂಡರು ಎಂದೇ ನನಗನಿಸುತ್ತದೆ. ಕ್ಲಿಫ್‌ನ ಬಗ್ಗೆ ಎಷ್ಟೇ ಪ್ರೀತಿ ಇದ್ದರೂ, ನ್ಯೂಸ್ಟೆಡ್ ವಿಷಯದಲ್ಲಿ ನಾನು ಅವರ ಪರ ನಿಲ್ಲಲಾರೆ. ಅದೇ ಆಲ್ಬಂನಲ್ಲಿ ಕ್ಲಿಫ್ ಬಿಟ್ಟುಹೋದ ಸ್ವರದ ತುಣುಕುಗಳಿಂದ ಕಟ್ಟಿದ ‘ಟು ಲಿವ್ ಈಸ್ ಟು ಡೈ’ ಎಂಬ ರಚನೆಯೂ ಇದೆ. ಗೆಳೆಯರ ಬ್ಯಾಂಡ್ ಆಂಥ್ರಾಕ್ಸ್, ಆ ಕೊನೆಯ ಪ್ರವಾಸದಲ್ಲಿ ಜೊತೆಗಿದ್ದವರು, ತಮ್ಮ 1987ರ ಆಲ್ಬಂ ಅನ್ನು ಅವನಿಗೆ ಅರ್ಪಿಸಿದರು.

ಆಲ್ಬಂನ ಮುಂದಿನ ಬದುಕು ಬಹಳ ದೊಡ್ಡದು. 2003ರ ಹೊತ್ತಿಗೆ ಅಮೆರಿಕವೊಂದರಲ್ಲೇ ಅದಕ್ಕೆ 60 ಲಕ್ಷ ಪ್ರತಿಗಳ ಪ್ರಮಾಣಪತ್ರ ಸಿಕ್ಕಿತ್ತು. 2016ರ ಮಾರ್ಚ್‌ನಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಅದನ್ನು ಸೇರಿಸಿಕೊಂಡಿತು. ಆ ಗೌರವ ಪಡೆದ ಮೊದಲ ಮೆಟಲ್ ಧ್ವನಿಮುದ್ರಣ ಅದು. ಅಧ್ಯಕ್ಷರ ಭಾಷಣಗಳು, ಜಾನಪದ ಗೀತೆಗಳ ನಡುವೆ ಈ ಕೆಂಪು ಹೊದಿಕೆ! ‘ಒರಾಯನ್’ ಪೂರ್ತಿಯಾಗಿ ವೇದಿಕೆಯ ಮೇಲೆ ಬಂದದ್ದು ಆಲ್ಬಂಗೆ 20 ವರ್ಷ ತುಂಬಿದ 2006ರಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಪಘಾತದ ಜಾಗದ ಹತ್ತಿರ ಒಂದು ಸ್ಮಾರಕ ಶಿಲೆ ನಿಲ್ಲಿಸಿದರು. ಬೆಂಗಳೂರಿಗೂ ಆ ಹಾಡು ಬಂದಿದೆ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿತು. ಎರಡು ದಿನ ಮೊದಲು ಗುರುಗ್ರಾಮದಲ್ಲಿ ನಡೆಯಬೇಕಿದ್ದ ಕಾರ್ಯಕ್ರಮ ರದ್ದಾಗಿತ್ತು, ಹಾಗಾಗಿ ಅವರು ಭಾರತದಲ್ಲಿ ಮೊದಲು ನುಡಿಸಿದ್ದು ನಮ್ಮ ಬೆಂಗಳೂರಿನಲ್ಲೇ. ಆಗ ನಾನು ಪ್ರೈಮರಿ ಶಾಲೆಯ ಹುಡುಗ. ನನ್ನ ರೂಮ್‌ಮೇಟನ ದೊಡ್ಡಪ್ಪನ ಮಗ ಅಲ್ಲಿದ್ದನಂತೆ. ಸಾವಿರಾರು ಜನ ಒಟ್ಟಿಗೆ ಶೀರ್ಷಿಕೆ ಗೀತೆ ಹಾಡಿದ್ದನ್ನು ಅವನು ಈಗಲೂ ಮದುವೆಮನೆಗಳಲ್ಲಿ ಹೇಳುತ್ತಾನೆ. ಬೆಂಗಳೂರಿಗೆ ಇದು ಹೊಸತೇನೂ ಅಲ್ಲ. ಕ್ರಿಪ್ಟೋಸ್‌ನಂಥ ಇಲ್ಲಿನದೇ ಮೆಟಲ್ ಬ್ಯಾಂಡ್ 1998ರಿಂದ ಇದೆ, ಐರನ್ ಮೇಡನ್ 2007ರಲ್ಲೇ ಅದೇ ಮೈದಾನಕ್ಕೆ ಬಂದು ಹೋಗಿತ್ತು.

ಇಷ್ಟೆಲ್ಲದರ ನಡುವೆ ನನ್ನ ಮನಸ್ಸು ಹೋಗಿ ನಿಲ್ಲುವುದು ರೇ ಬರ್ಟನ್ ಹತ್ತಿರ. ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡ ಮನುಷ್ಯ ಅವರು. ಹೆಂಡತಿಯೂ ಮೊದಲೇ ಹೋದರು. 2009ರಲ್ಲಿ ಮೆಟಾಲಿಕಾವನ್ನು ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದಾಗ ಮಗನ ಪರವಾಗಿ ವೇದಿಕೆ ಏರಿದವರು ಅವರೇ. ಬ್ಯಾಂಡಿನ ಕಛೇರಿಗಳಿಗೆ ಹೋಗುತ್ತಿದ್ದರು, ಅಭಿಮಾನಿಗಳ ಕೈಕುಲುಕುತ್ತಿದ್ದರು. ಅವರು ಇರುವ ಅಲಮೀಡಾ ಕೌಂಟಿ 2018ರ ಫೆಬ್ರುವರಿ 10ನ್ನು ಕ್ಲಿಫ್ ಬರ್ಟನ್ ದಿನ ಎಂದು ಘೋಷಿಸಿತು. 2020ರ ಜನವರಿಯಲ್ಲಿ ರೇ ತೀರಿಕೊಂಡರು. ಮಗನ ಹಾಡುಗಳಿಂದ ಬರುತ್ತಿದ್ದ ರಾಯಲ್ಟಿ ಹಣವನ್ನು ಅವರು ಕ್ಯಾಸ್ಟ್ರೊ ವ್ಯಾಲಿ ಹೈಸ್ಕೂಲಿನ ಸಂಗೀತ ವಿದ್ಯಾರ್ಥಿಗಳ ವಿದ್ಯಾರ್ಥಿವೇತನಕ್ಕೆ ಕೊಡುತ್ತಿದ್ದರು. ಕ್ಲಿಫ್ ಓದಿದ ಶಾಲೆ ಅದು. ಬಾಡಿಗೆ ಮತ್ತು ಊಟ ಕೊಡುವುದನ್ನು ಆ ತಂದೆ ನಿಲ್ಲಿಸಲೇ ಇಲ್ಲ, ಹುಡುಗರು ಬದಲಾದರು ಅಷ್ಟೇ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅಂಗಡಿಯಲ್ಲಿ ಅಪ್ಪನ ಜೊತೆ ಕಾಜಾ ಹೊಲಿಯುತ್ತಾ ಕೂತಿದ್ದೆ, ಹಬ್ಬದ ಸೀಸನ್, ಕೆಲಸ ಬಹಳ ಇತ್ತು. ಧಾರವಾಡದಲ್ಲಿ ಓದುವುದು ಬಿಟ್ಟು ಇನ್ನೇನು ಮಾಡುತ್ತೀಯ ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು. ಫೋನ್ ತೆಗೆದು ‘ಒರಾಯನ್’ ಹಾಕಿ ಮೆಷಿನ್ ಪಕ್ಕ ಇಟ್ಟೆ. ಅಪ್ಪ ಪೆಡಲ್ ತುಳಿಯುವುದನ್ನು ನಿಲ್ಲಿಸಲಿಲ್ಲ, ಆದರೆ ನಿಧಾನ ಮಾಡಿದರು. ನಡುವಿನ ಬಾಸ್ ಸಾಲು ಬಂದಾಗ ಒಮ್ಮೆ ಕನ್ನಡಕದ ಮೇಲಿಂದ ಫೋನ್ ಕಡೆ ನೋಡಿದರು. ಎಂಟೂವರೆ ನಿಮಿಷ ಮುಗಿದ ಮೇಲೆ ಹಾಡು ಎಲ್ಲಿ, ಬರೀ ವಾದ್ಯವೇ ಆಯಿತಲ್ಲ ಎಂದು ಕೇಳಿದರು. ಹೌದು ಎಂದೆ. ನುಡಿಸಿದವನ ವಯಸ್ಸೆಷ್ಟು ಎಂದರು. ಹೇಳಿದೆ. ಅವನ ತಂದೆತಾಯಿ ಕೊಟ್ಟ ನಾಲ್ಕು ವರ್ಷದ ಮಾತನ್ನೂ ಹೇಳಿದೆ. ಅಪ್ಪ ದಾರ ಕಡಿದು, ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟು, ಮುಂದಿನ ಪರೀಕ್ಷೆ ಯಾವ ತಾರೀಕು ಎಂದು ಕೇಳಿದರು.